ಮಣ್ಣಿನಿಂದ ಹುಲ್ಲಿಗೆ

ನನ್ನನ್ನು ಎರಡನೇ ಬೇಸಿನಿಂದ ತೆಗೆದಿದ್ದಾರೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಕರಿಬೇವಿನ ಮುಂದೆ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಸ್ಯಾನ್ ಮಟಿಯೋದಲ್ಲಿ ನಾವು ಹೋಗುವ ಇಂಡಿಯನ್ ಗ್ರೋಸರಿಗೆ ಶನಿವಾರ ಬೆಳಗ್ಗೆ ತಾಜಾ ಕರಿಬೇವು ಬರುತ್ತದೆ. ಹತ್ತು ಗಂಟೆಯೊಳಗೆ ಹೋದವರಿಗೆ ಎಲೆ, ಆಮೇಲೆ ಹೋದವರಿಗೆ ಬರೀ ಕಡ್ಡಿ. ನಾನು ಎರಡು ಪೊಟ್ಟಣ ಹಿಡಿದುಕೊಂಡು ಯಾವುದು ಹಸಿರು ಎಂದು ನೋಡುತ್ತಿದ್ದಾಗ ನಮ್ಮ ಟೀಮಿನ ಕ್ಯಾಪ್ಟನ್ ಪಕ್ಕಕ್ಕೆ ಬಂದು ನಿಂತ. ಅವನು ಉಡುಪಿ ಕಡೆಯವನು, ಹಲ್ಲಿನ ಡಾಕ್ಟರು, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಬೆಂಡೆಕಾಯಿಗಳ ತುದಿ ಮುರಿಯುತ್ತಾ, ನನ್ನ ಮುಖ ನೋಡದೆ ಮಾತು ತೆಗೆದ.

"ಈ ಸೀಸನ್ನಿಗೆ ನೀನು ರೈಟ್ ಫೀಲ್ಡಿಗೆ ಹೋಗ್ತೀಯಾ ಮಾರಾಯ?"

"ಯಾಕೆ, ಅಲ್ಲಿ ಯಾರು ಸತ್ತರು?" ಅಂದೆ.

"ಯಾರೂ ಸಾಯ್ಲಿಲ್ಲ. ಹೊಸಬಳೊಬ್ಬಳು ಬರ್ತಾಳೆ. ಕಾಲೇಜ್ ಟೀಮಲ್ಲಿ ಆಡಿದವಳು. ಸೆಕೆಂಡ್ ಬೇಸು ಅವಳದ್ದು. ನೀನು ಬೇಜಾರು ಮಾಡ್ಲಿಕ್ಕಿಲ್ಲ. ನಿನ್ನ ಮೊಣಕಾಲು ಬಗ್ತದಾ ಹೇಳು? ಕಳೆದ ವರ್ಷ ಎಷ್ಟು ಚೆಂಡು ನಿನ್ನ ಕಾಲಿನ ಸಂದಿಯಲ್ಲಿ ಹೋಯ್ತು ಅಂತ ನಾನು ಹೇಳ್ಬೇಕಾ?"

ನಾನು ಎರಡೂ ಪೊಟ್ಟಣಗಳನ್ನು ಅಲ್ಲೇ ಬಿಸಾಕಿ ಹೊರಟುಬಿಟ್ಟೆ. ಕರಿಬೇವಿಲ್ಲದೆ ಮನೆಗೆ ಬಂದವನನ್ನು ನೋಡಿ ಹೆಂಡತಿ, "ಏನಾಯ್ತು, ಯಾರ ಜೊತೆ ಜಗಳ?" ಎಂದಳು. ನನ್ನ ಮುಖದಲ್ಲಿ ಅಷ್ಟು ಸಲೀಸಾಗಿ ಎಲ್ಲವೂ ಕಾಣುತ್ತದೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇದರಲ್ಲೇನು ಅಂಥ ಸಂಕಟ ಅನ್ನಿಸಬಹುದು. ಅವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಮೈದಾನದ ಒಂದು ಕೊನೆಯಲ್ಲಿ ಚೌಕವಾಗಿ ನಾಲ್ಕು ಬೇಸುಗಳಿರುತ್ತವೆ. ಬ್ಯಾಟು ಬೀಸುವ ಜಾಗ ಹೋಮು. ಅಲ್ಲಿಂದ ಸುತ್ತಿಕೊಂಡು ಒಂದು, ಎರಡು, ಮೂರು. ಹೊಡೆದವನು ಮೂರನ್ನೂ ಮುಟ್ಟಿ ಮತ್ತೆ ಹೋಮಿಗೆ ಬಂದರೆ ಒಂದು ರನ್ನು. ಈ ಚೌಕದ ಸುತ್ತ ನೆಲ ಬರೀ ಕೆಂಪು ಮಣ್ಣು. ಅದು ಇನ್‌ಫೀಲ್ಡು. ಅದರಾಚೆ ಬೇಲಿಯವರೆಗೂ ಹುಲ್ಲು. ಅದು ಔಟ್‌ಫೀಲ್ಡು. ಮಣ್ಣಿನ ಮೇಲೆ ನಿಂತವರಿಗೆ ಉಸಿರಾಡಲು ಪುರಸೊತ್ತಿಲ್ಲ, ಹುಲ್ಲಿನ ಮೇಲೆ ನಿಂತವರಿಗೆ ಬೇಕಾದಷ್ಟು ಪುರಸೊತ್ತು. ಅದರಲ್ಲೂ ನಮ್ಮಂಥ ಭಾನುವಾರದ ಟೀಮುಗಳಲ್ಲಿ ಹುಲ್ಲಿನ ಬಲಭಾಗದ ರೈಟ್ ಫೀಲ್ಡು ಎಂದರೆ ಕೈಲಾಗದವರನ್ನು ನಿಲ್ಲಿಸುವ ಜಾಗ. ಹೆಚ್ಚಿನವರು ಬಲಗೈಯವರಾದ್ದರಿಂದ ಚೆಂಡು ಆ ಕಡೆ ಹೋಗುವುದೇ ಕಡಿಮೆ. ಹೊಸಬರನ್ನು, ಹೊಟ್ಟೆ ಬಂದವರನ್ನು, ಬೆಂಗಳೂರಿನಿಂದ ಬಂದ ಯಾರದೋ ಭಾವಮೈದನನ್ನು ಅಲ್ಲಿಗೆ ಅಟ್ಟುತ್ತಿದ್ದೆವು. ಅಟ್ಟುತ್ತಿದ್ದವನು ಬಹಳ ಸಲ ನಾನೇ.

ಸರಿಯಾಗಿ ಹೇಳಬೇಕೆಂದರೆ ನಾವಾಡುವುದು ಸಾಫ್ಟ್‌ಬಾಲು. ಚೆಂಡು ದೊಡ್ಡದು, ಎಸೆತ ನಿಧಾನ, ಒಂದೊಂದು ಕಡೆಗೆ ಹತ್ತು ಜನ, ಹೆಂಗಸರೂ ಗಂಡಸರೂ ಒಟ್ಟಿಗೆ ಆಡಬಹುದು. ಆದರೆ ಮನೆಯಲ್ಲಿ, ಆಫೀಸಿನಲ್ಲಿ ಬೇಸ್‌ಬಾಲ್ ಎಂದೇ ಹೇಳಿಕೊಂಡು ಬಂದಿದ್ದೇವೆ. ಇದುವರೆಗೂ ಯಾರೂ ವಿಚಾರಣೆ ಮಾಡಿಲ್ಲ.

ಟೀಮು ಹುಟ್ಟಿದ್ದು ಬೆಂಚಿನ ಮೇಲೆ. ಮಕ್ಕಳು ಚಿಕ್ಕವರಿದ್ದಾಗ ಶನಿವಾರ ಶನಿವಾರ ಅವರನ್ನು ಪ್ರಾಕ್ಟೀಸಿಗೆ ಬಿಟ್ಟು, ನಾವು ಅಪ್ಪಂದಿರು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಾ ಈ ಆಟವನ್ನು ಬೈಯುತ್ತಿದ್ದೆವು. ಎಲ್ಲರೂ ಕ್ರಿಕೆಟ್ಟಿನವರು. ಮೈಸೂರಿನ ಮೈದಾನಗಳಲ್ಲಿ, ಬೆಂಗಳೂರಿನ ಗಲ್ಲಿಗಳಲ್ಲಿ ಆಡಿ ಬಂದವರು. ಕೈಗೆ ಚೀಲದಷ್ಟು ದೊಡ್ಡ ಗ್ಲವ್ಸು ಹಾಕಿಕೊಂಡು ಕ್ಯಾಚ್ ಹಿಡಿಯುವುದೂ ಒಂದು ಆಟವೇ ಎಂದು ನಗುತ್ತಿದ್ದೆವು. ಬೈದು ಬೈದೇ ನಿಯಮಗಳನ್ನು ಕಲಿತೆವು. ಮಕ್ಕಳು ದೊಡ್ಡವರಾಗಿ ಆಟ ಬಿಟ್ಟರು, ನಾವು ಬಿಡಲಿಲ್ಲ. ಊರಿನ ಭಾನುವಾರದ ಲೀಗಿಗೆ ಹೆಸರು ಕೊಟ್ಟೆವು. ಮೊದಲ ವರ್ಷ ಒಂದು ಮ್ಯಾಚನ್ನೂ ಗೆಲ್ಲಲಿಲ್ಲ. ಹೊಡೆದ ಮೇಲೆ ಬ್ಯಾಟನ್ನು ಕೈಯಲ್ಲೇ ಹಿಡಿದುಕೊಂಡು ಮೊದಲನೇ ಬೇಸಿನವರೆಗೂ ಓಡಿ, ಅಲ್ಲಿ ಅದನ್ನು ನೆಲಕ್ಕೆ ತಾಗಿಸಿ ನಿಲ್ಲುತ್ತಿದ್ದ ಜನ ನಾವು.

ಆಗಿನಿಂದ ಹದಿನಾರು ವರ್ಷ ಎರಡನೇ ಬೇಸು ನನ್ನದು. ನನ್ನ ಎಡಕ್ಕೆ ಮೊದಲನೇ ಬೇಸು, ಬಲಕ್ಕೆ ಏಳೆಂಟು ಮಾರು ದೂರದಲ್ಲಿ ಕ್ಯಾಪ್ಟನ್. ಅವನ ಜಾಗಕ್ಕೆ ಶಾರ್ಟ್‌ಸ್ಟಾಪ್ ಎನ್ನುತ್ತಾರೆ. ಚೆಂಡು ಅವನ ಕೈಗೆ ಬಂದರೆ ನನಗೆ ಎಸೆಯುತ್ತಾನೆ, ನಾನು ಬೇಸು ತುಳಿದು ಅಲ್ಲಿಗೆ ಓಡಿಬರುವವನನ್ನು ಔಟ್ ಮಾಡಿ, ತಿರುಗಿ ಮೊದಲನೇ ಬೇಸಿಗೆ ಎಸೆದು ಇನ್ನೊಬ್ಬನನ್ನೂ ಔಟ್ ಮಾಡಬೇಕು. ಒಂದೇ ಉಸಿರಿನಲ್ಲಿ ಆಗಬೇಕಾದ ಕೆಲಸ. ಇದರಲ್ಲಿ ನಾವಿಬ್ಬರೂ ಪಳಗಿದ್ದೆವು. ಅವನು ನೋಡದೆ ಎಸೆಯುತ್ತಿದ್ದ, ನಾನು ನೋಡದೆ ಹಿಡಿಯುತ್ತಿದ್ದೆ. ಕೂಗಾಟವೆಲ್ಲ ಕನ್ನಡದಲ್ಲಿ. ಅದು ನಮ್ಮ ಟೀಮಿನ ಪದ್ಧತಿ. ಎದುರಾಳಿಗಳಿಗೆ ಅರ್ಥವಾಗಬಾರದು ಎಂದು ಶುರುವಾದದ್ದು. "ಎರಡಕ್ಕೆ! ಎರಡಕ್ಕೆ!" "ಬಿಡು, ನಂದು!" "ಓಡ್ತಾನೆ, ಓಡ್ತಾನೆ!" ಎಷ್ಟೋ ವರ್ಷದಿಂದ ನಮ್ಮೊಡನೆ ಆಡುತ್ತಿರುವ ಟೀಮುಗಳು ಈಗ ಅಷ್ಟು ಕನ್ನಡ ಕಲಿತಿವೆ, ನಾವು ಮಾತ್ರ ಗುಟ್ಟು ಕಾಪಾಡಿಕೊಂಡಿದ್ದೇವೆ ಎಂದುಕೊಂಡು ಇನ್ನೂ ಕೂಗುತ್ತೇವೆ.

ಆದರೆ ನನಗೆ ಬೇಕಾಗಿದ್ದದ್ದು ಆ ಕೂಗಾಟವಲ್ಲ, ಎಸೆತ ಎಸೆತದ ನಡುವೆ ನಾವಿಬ್ಬರೂ ಆಡುತ್ತಿದ್ದ ಮಾತು. ಬಾಯಿಗೆ ಗ್ಲವ್ಸು ಅಡ್ಡ ಹಿಡಿದುಕೊಂಡು, ಕಣ್ಣು ಬ್ಯಾಟಿನ ಮೇಲಿಟ್ಟುಕೊಂಡು, ನಾವು ಇಡೀ ಸಂಸಾರದ ಮಾತಾಡುತ್ತಿದ್ದೆವು. ಅವನ ಮಗ ಮೆಡಿಕಲ್ ಬೇಡ ಎಂದದ್ದು, ನನ್ನ ಮಗಳ ಮದುವೆ ಗೊತ್ತಾದದ್ದು, ನನ್ನ ಆಫೀಸಿನಲ್ಲಿ ಲೇಆಫು ಆಗಬಹುದೆಂಬ ಗುಸುಗುಸು, ಎಲ್ಲವೂ ಮೊದಲು ಹೊರಬಿದ್ದದ್ದು ಅಲ್ಲೇ. ಮನೆಗೆ ಊಟಕ್ಕೆ ಕರೆದಾಗ ನಮಗೆ ಮಾತೇ ಬರುತ್ತಿರಲಿಲ್ಲ. ಇಬ್ಬರೂ ಟೀವಿ ನೋಡುತ್ತಾ ಕೂರುತ್ತಿದ್ದೆವು. ಮಣ್ಣಿನ ಮೇಲೆ ನಿಂತರೆ ಸಾಕು, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಅಮ್ಮ ತೀರಿಹೋದ ವರ್ಷ ಮೈಸೂರಿಗೆ ಹೋಗಿ, ಕರ್ಮಗಳನ್ನೆಲ್ಲ ಮುಗಿಸಿಕೊಂಡು ಬಂದಿದ್ದೆ. ಬೋಳು ತಲೆಯ ಮೇಲೆ ಟೋಪಿ ಹಾಕಿಕೊಂಡು ಭಾನುವಾರ ಆಟಕ್ಕೆ ಹೋದೆ. ಮನೆಗೆ ಬಂದು ಮಾತಾಡಿಸಿದವರೆಲ್ಲ ಹೇಳಬೇಕಾದದ್ದನ್ನು ಹೇಳಿ ಹೋಗಿದ್ದರು. ಕ್ಯಾಪ್ಟನ್ ಮಾತ್ರ ಬಂದಿದ್ದಾಗ ಏನೂ ಹೇಳಿರಲಿಲ್ಲ. ಮೂರನೇ ಇನ್ನಿಂಗ್ಸಿನಲ್ಲಿ, ಎರಡು ಎಸೆತಗಳ ನಡುವೆ, ಬ್ಯಾಟನ್ನೇ ನೋಡುತ್ತಾ ಕೇಳಿದ.

"ಅಮ್ಮನಿಗೆ ತುಂಬಾ ಕಷ್ಟ ಆಯ್ತಾ?"

"ಇಲ್ಲ. ನಿದ್ದೇಲೆ ಹೋದ್ರು."

"ನೀನು ಮುಖ ನೋಡಿದ್ಯಾ?"

"ಇಲ್ಲ ಕಣೋ. ತಡ ಆಯ್ತು."

ಅಷ್ಟರಲ್ಲಿ ಚೆಂಡು ಅವನ ಕಡೆ ಬಂತು. ನನಗೆ ಎಸೆದ, ನಾನು ಹಿಡಿದು ಬೇಸು ತುಳಿದೆ. ಆ ಮಾತು ನಾನು ಬೇರೆ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಆ ಎರಡನೇ ಬೇಸನ್ನು ಅವನು ಬೆಂಡೆಕಾಯಿ ಮುರಿಯುತ್ತಾ ಕಿತ್ತುಕೊಂಡ. ತನ್ನ ಶಾರ್ಟ್‌ಸ್ಟಾಪನ್ನು ಮಾತ್ರ ಬಿಡಲಿಲ್ಲ. ಅವನ ಮೊಣಕಾಲಿಗೇನು ಬಂಗಾರದ ಕವಚವಿದೆಯೇ ಎಂದು ವಾರವಿಡೀ ಹೆಂಡತಿಯ ಮುಂದೆ ಕೂಗಾಡಿದೆ.

ಹೊಸಬಳಿಗೆ ಇಪ್ಪತ್ತಾರು ವರ್ಷ. ಹೇವರ್ಡಿನಲ್ಲಿ ಹುಟ್ಟಿ ಬೆಳೆದವಳು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದುದರಿಂದ ಅವಳನ್ನು ಬೆಳೆಸಿದ್ದು ಧಾರವಾಡದಿಂದ ಬಂದು ಇಲ್ಲೇ ಉಳಿದ ಅಜ್ಜಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಹಲ್ಲು ತೋರಿಸಿಕೊಳ್ಳಲು ಕ್ಯಾಪ್ಟನ್ನಿನ ಕ್ಲಿನಿಕ್ಕಿಗೆ ಹೋದಾಗ ಅವನು ಅವಳನ್ನು ಟೀಮಿಗೆ ಕರೆದನಂತೆ. ಬಾಯಿ ತೆರೆದುಕೊಂಡು ಮಲಗಿದ್ದವಳಿಗೆ ಬೇಡ ಎನ್ನಲು ಆಗಿರಲಿಕ್ಕಿಲ್ಲ.

ಮೊದಲ ದಿನ ನಾನು ರೈಟ್ ಫೀಲ್ಡಿನ ಹುಲ್ಲಿನಲ್ಲಿ ನಿಂತು ಅವಳು ತಪ್ಪುವುದನ್ನೇ ಕಾಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ. ಒಂದಾದರೂ ಚೆಂಡು ಅವಳ ಕಾಲಿನ ಸಂದಿಯಲ್ಲಿ ಹೋಗಲಿ ಎಂದು ಹಾರೈಸಿದೆ. ಹೋಗಲಿಲ್ಲ. ಅವಳು ಬಗ್ಗುತ್ತಿದ್ದಳು, ಎತ್ತುತ್ತಿದ್ದಳು, ತಿರುಗುತ್ತಿದ್ದಳು, ಎಸೆದು ಮುಗಿಸುತ್ತಿದ್ದಳು. ನಾನು ಹದಿನಾರು ವರ್ಷ ಮಾಡಿದ್ದು ಅದರ ಮುಂದೆ ಒಂದು ಪ್ರಯತ್ನವಷ್ಟೇ ಎಂದು ನನಗೇ ಗೊತ್ತಾಯಿತು. ಗೊತ್ತಾದದ್ದರಿಂದ ಕೋಪ ಇನ್ನಷ್ಟು ಏರಿತು.

ಕನ್ನಡದಲ್ಲಿ ಕೂಗುವ ಪದ್ಧತಿಯನ್ನು ಯಾರೋ ಅವಳಿಗೆ ಹೇಳಿದ್ದರು. ಅವಳಿಗೆ ಬರುವುದು ಅಜ್ಜಿಯ ಕನ್ನಡ. "ಇಲ್ಲೆ ಒಗೀರಿ! ಇಲ್ಲೆ ಒಗೀರಿ!" ಎಂದು ಅವಳು ಕೂಗಿದಾಗ ಮೈಸೂರು ಬೆಂಗಳೂರಿನವರೆಲ್ಲ ಒಂದು ಕ್ಷಣ ಬಟ್ಟೆ ಸೋಪು ಹುಡುಕುವಂತೆ ನಿಂತುಬಿಟ್ಟರು. ಧಾರವಾಡದ ಕಡೆ ಒಗೆಯುವುದು ಎಂದರೆ ಎಸೆಯುವುದು ಎಂದು ತಿಳಿದ ಮೇಲೆ ಎಲ್ಲರಿಗೂ ಅದೇ ರೂಢಿಯಾಯಿತು. ಎರಡೇ ವಾರದಲ್ಲಿ ಕ್ಯಾಪ್ಟನ್ನೂ "ಒಗಿ, ಒಗಿ" ಎನ್ನತೊಡಗಿದ. ದೂರದಿಂದ ಅವರಿಬ್ಬರೂ ಮಾತಾಡುವುದು ಕಾಣುತ್ತಿತ್ತು. ಅವನು ಬಾಯಿಗೆ ಗ್ಲವ್ಸು ಅಡ್ಡ ಹಿಡಿದು ಏನೋ ಕೇಳುತ್ತಿದ್ದ. ಏನೆಂದು ನನಗೆ ಕೇಳಿಸುತ್ತಿರಲಿಲ್ಲ.

ರೈಟ್ ಫೀಲ್ಡಿನಲ್ಲಿ ಕೇಳಿಸುವುದು ಎರಡೇ, ಗಾಳಿ ಮತ್ತು ವಿಮಾನ. ಮಧ್ಯಾಹ್ನ ಎರಡರ ಮೇಲೆ ಕೊಲ್ಲಿಯ ಕಡೆಯಿಂದಲೋ ಗುಡ್ಡದ ಕಡೆಯಿಂದಲೋ ಗಾಳಿ ಎದ್ದು ಟೋಪಿ ಹಾರಿಸುತ್ತದೆ. ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಒಂದರ ಹಿಂದೊಂದು. ನೆಲದ ಮೇಲೆ ಬಾತುಗಳು. ಕತ್ತು ಕಪ್ಪಗಿರುವ, ಯಾರಿಗೂ ಹೆದರದ ದೊಡ್ಡ ಬಾತುಗಳು ಆ ಹುಲ್ಲನ್ನು ತಮ್ಮದೆಂದು ತೀರ್ಮಾನಿಸಿ ಎಷ್ಟೋ ವರ್ಷಗಳಾಗಿವೆ. ಎಲ್ಲಿ ಕಾಲಿಟ್ಟರೂ ಅವುಗಳ ಹಿಕ್ಕೆ. ಔಟ್‌ಫೀಲ್ಡಿಗೆ ದೊಡ್ಡ ಗ್ಲವ್ಸು ಬೇಕೆಂದು ಹೊಸದೊಂದು ತಂದಿದ್ದೆ. ಹೆಂಡತಿ ಅದನ್ನು ನೋಡಿ, "ಇದೇನ್ರೀ, ಮೊರ ಇದ್ದಂಗಿದೆ, ಅಕ್ಕಿ ಕೇರಬಹುದು" ಎಂದಿದ್ದಳು. ಆ ಮೊರ ಹಿಡಿದುಕೊಂಡು ಬಾತುಗಳ ಜೊತೆ ನಿಂತಿರುತ್ತಿದ್ದೆ. ಆರು ವಾರದಲ್ಲಿ ನನ್ನ ಕಡೆ ಬಂದ ಚೆಂಡುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು.

ಏಳನೆಯ ವಾರ ಬಂದದ್ದು ಹೇವರ್ಡಿನ ಒಂದು ಗೋದಾಮಿನವರ ಟೀಮು. ಗಟ್ಟಿ ಜನ, ಚೆಂಡನ್ನು ಬೇಲಿಯಾಚೆ ಹೊಡೆಯಬಲ್ಲವರು. ಕೊನೆಯ ಇನ್ನಿಂಗ್ಸಿನಲ್ಲಿ ಸ್ಕೋರು ಸಮ. ಅವರದು ಬ್ಯಾಟಿಂಗು, ಔಟಾಗಬೇಕಾದ ಮೂವರಲ್ಲಿ ಒಬ್ಬ ಔಟಾಗಿದ್ದ, ಒಬ್ಬ ಮೂರನೇ ಬೇಸಿನಲ್ಲಿ ಕಾಯುತ್ತಿದ್ದ. ಅವನು ಹೋಮು ಮುಟ್ಟಿದರೆ ಅವರು ಗೆದ್ದಂತೆ. ಎಡಗೈಯವನೊಬ್ಬ ಬ್ಯಾಟು ಹಿಡಿದು ಬಂದ. ಎರಡನೇ ಎಸೆತಕ್ಕೇ ಬೀಸಿದ. ಚೆಂಡು ಎದ್ದು ನೇರ ನನ್ನ ಕಡೆಗೆ, ನನ್ನ ತಲೆಯ ಮೇಲಿನಿಂದ ಹಿಂದಕ್ಕೆ ಹೊರಟಿತು.

ನಾನು ತಿರುಗಿ ಓಡಿದೆ. ಅಂಥ ಓಟ ಓಡಿ ಎಷ್ಟು ವರ್ಷವಾಗಿತ್ತೋ. ಮೊಣಕಾಲು ಏನೂ ಅನ್ನಲಿಲ್ಲ. ಬಾತುಗಳು ಎದ್ದು ದಾರಿ ಬಿಟ್ಟವು. ಭುಜದ ಮೇಲಿನಿಂದ ಹಿಂದೆ ನೋಡುತ್ತಾ ಕೈ ಚಾಚಿದೆ. ಚೆಂಡು ಮೊರದ ತುದಿಯಲ್ಲಿ ಸಿಕ್ಕಿಕೊಂಡಿತು. ಬಿದ್ದೆ, ಉರುಳಿದೆ, ಎದ್ದೆ. ಚೆಂಡು ಕೈಯಲ್ಲೇ ಇತ್ತು. ಎದೆ ಒಡೆದುಹೋಗುವಷ್ಟು ಖುಷಿಯಾಯಿತು. ಚೆಂಡನ್ನು ಆಕಾಶಕ್ಕೆ ಎಸೆದುಬಿಟ್ಟೆ.

ಮಣ್ಣಿನ ಮೇಲಿದ್ದ ನಮ್ಮವರೆಲ್ಲ ಎರಡೂ ಕೈ ಎತ್ತಿ "ಔಟ್!" ಎಂದು ಕುಣಿದರು. ಕ್ಯಾಪ್ಟನ್ ಕೂಡ ಕೈ ಎತ್ತಿ ನನ್ನ ಕಡೆಗೆ ಓಡಿಬರುತ್ತಿದ್ದ. ಮೊದಲನೇ ಬೇಸಿನವನು ಆಗಲೇ ಯಾರನ್ನೋ ಅಪ್ಪಿಕೊಂಡಿದ್ದ. ಒಬ್ಬಳು ಮಾತ್ರ ಕುಣಿಯಲಿಲ್ಲ. ಎರಡನೇ ಬೇಸು ಬಿಟ್ಟು, ಹುಲ್ಲಿನೊಳಕ್ಕೆ ಬಹಳ ದೂರ ಬಂದು, ಎರಡೂ ಕೈ ನನ್ನ ಕಡೆ ಚಾಚಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ಒಗೀರಿ ಅಂಕಲ್! ಥ್ರೋ ಇಟ್! ಒಗೀರಿ!" ಅವಳ ಹಿಂದೆ, ಮೂರನೇ ಬೇಸಿನಲ್ಲಿ ಕಾಯುತ್ತಿದ್ದವನು ಆರಾಮವಾಗಿ ಓಡಿ ಹೋಮು ಮುಟ್ಟಿದ.

ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿದರೆ ಅಲ್ಲಿಗೆ ಆ ಚೆಂಡಿನ ಕಥೆ ಮುಗಿಯಿತು. ಮೇಲಕ್ಕೆ ಎಸೆಯಬಹುದು, ಮುದ್ದು ಕೊಡಬಹುದು. ಬೇಸ್‌ಬಾಲಿನಲ್ಲಿ ಹೊಡೆದವನು ಔಟು, ಅಷ್ಟೇ. ಆಟ ನಡೆಯುತ್ತಲೇ ಇರುತ್ತದೆ. ಬೇಸಿನ ಮೇಲೆ ಕಾಲಿಟ್ಟು ಕಾದವನು, ಕ್ಯಾಚು ಕೈಸೇರಿದ ಕ್ಷಣದಿಂದ ಮುಂದಕ್ಕೆ ಓಡಬಹುದು. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಹದಿನಾರು ವರ್ಷದಿಂದ ಗೊತ್ತು. ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆವು. ಆದರೆ ಅಂಥ ಕ್ಯಾಚು ನಮ್ಮಲ್ಲಿ ಯಾರೂ ಹಿಡಿದಿರಲಿಲ್ಲ. ಖುಷಿ ಉಕ್ಕಿದಾಗ ನಮ್ಮ ಒಂಬತ್ತು ಜನರ ಕೈಗಳು ಹುಟ್ಟಿದೂರಿಗೆ ಹೋಗಿಬಿಟ್ಟವು. ಹತ್ತನೆಯವಳು ಹೇವರ್ಡಿನಲ್ಲಿ ಹುಟ್ಟಿದ್ದಳು.

ವಿಷಯ ಅರ್ಥವಾದ ಮೇಲೆ ಕ್ಯಾಪ್ಟನ್ ಎತ್ತಿದ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಮಣ್ಣಿನಲ್ಲಿ ಕೂತುಬಿಟ್ಟ. ಆಮೇಲೆ ನಗತೊಡಗಿದ. ಉಳಿದವರೂ ನಕ್ಕರು. ತಮ್ಮ ಮೇಲೆ ತಾವೇ ನಗುತ್ತಿದ್ದಾರೆ ಎಂದು ಈಗ ಗೊತ್ತು. ಆಗ ನನಗೆ ಕಂಡದ್ದು, ಅವರೆಲ್ಲ ಅಲ್ಲಿ ಒಟ್ಟಿಗೆ ನಗುತ್ತಿದ್ದಾರೆ, ನಾನು ಇಲ್ಲಿ ಒಬ್ಬನೇ ಎಂದು ಮಾತ್ರ. ಬೆಂಚಿನವರೆಗೆ ನಡೆದು ಬರುವ ದಾರಿ ಆ ದಿನ ಸವೆಯಲೇ ಇಲ್ಲ. ಆ ಹುಡುಗಿ ಅರ್ಧ ದಾರಿಯಲ್ಲಿ ನನಗಾಗಿ ನಿಂತಿದ್ದಳು. ಅವಳು ನಗುತ್ತಿರಲಿಲ್ಲ.

"ಐ ವಾಸ್ ರೈಟ್ ದೇರ್, ಅಂಕಲ್. ಯು ಡಿಡಂಟ್ ಈವನ್ ಲುಕ್."

"ಹದಿನಾರು ವರ್ಷದಿಂದ ಆಡ್ತಿದೀನಮ್ಮಾ, ನೀನು ನಂಗೆ ಹೇಳ್ಕೊಡೋಕೆ ಬರ್ಬೇಡ" ಎಂದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎಂದು ಆಗಲೇ ಹೇಳಿದೆನಲ್ಲ. ಮುಖ ಕೆಂಪಗಾಯಿತು. ತಿರುಗಿ ಬೆಂಚಿನ ಕಡೆ ನಡೆದುಬಿಟ್ಟಳು.

ಮನೆಗೆ ಬಂದವನೇ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ, ಮೊಣಕಾಲು ನೋವು, ಈ ಸೀಸನ್ನಿಗೆ ನಾನಿಲ್ಲ ಎಂದು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ಒಬ್ಬನೂ ನಂಬಲಿಲ್ಲ. ಕ್ಯಾಪ್ಟನ್ ಫೋನು ಮಾಡಿದ, ಎತ್ತಲಿಲ್ಲ. ಆ ವಾರ ನಾನು ಮನೆಯಲ್ಲಿ ಏನೇನು ರಿಪೇರಿ ಮಾಡಿದೆನೋ ಲೆಕ್ಕವಿಲ್ಲ. ಕೆಡದೇ ಇದ್ದ ನಲ್ಲಿಯನ್ನೂ ಬಿಚ್ಚಿದೆ. ಶನಿವಾರ ಸಂಜೆ ಹೆಂಡತಿಗೆ ಸಾಕಾಯಿತು.

"ನೋಡಿ, ನೀವು ಆಡ್ತೀರೋ ಬಿಡ್ತೀರೋ ನಂಗೊತ್ತಿಲ್ಲ. ಟೀಮಿನ ಚೀಲ ನಮ್ಮ ಕಾರಲ್ಲಿದೆ. ಬ್ಯಾಟು, ಬೇಸು, ಚೆಂಡು ಎಲ್ಲಾ ನೀವೇ ಇಟ್ಕೊಂಡು ಕೂತ್ರೆ ಅವರು ಏನಿಟ್ಕೊಂಡು ಆಡ್ತಾರೆ? ಕೊಟ್ಟು ಬನ್ನಿ. ಆಮೇಲೆ ಬಂದು ನಲ್ಲಿ ಸರಿ ಮಾಡಿ, ಸೋರ್ತಿದೆ."

ನಿಜ. ಚೀಲ ನನ್ನ ಕಾರಿನ ಡಿಕ್ಕಿಯಲ್ಲಿ ಹದಿನಾರು ವರ್ಷದಿಂದ ಇತ್ತು. ಅದನ್ನು ಇಳಿಸಿ ಬರುವುದೆಂದರೆ ಎಲ್ಲ ಮುಗಿದಂತೆ ಎಂದು ಗೊತ್ತಿತ್ತು. ಯಾರೂ ಇಲ್ಲದಾಗ ಬೆಂಚಿನ ಮೇಲಿಟ್ಟು ಬಂದುಬಿಡೋಣ ಎಂದು ಭಾನುವಾರ ಆಟಕ್ಕೆ ಒಂದು ಗಂಟೆ ಮೊದಲೇ ಹೋದೆ. ಡ್ರೈವ್ ಮಾಡುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡೆ. ಐವತ್ತೆಂಟು ವರ್ಷದ ಗಂಡಸು ಒಂದು ಭಾನುವಾರದ ಆಟಕ್ಕಾಗಿ ಅಳುವುದೇ ಎಂದು ನನ್ನನ್ನೇ ಬೈದುಕೊಂಡೆ.

ಮೈದಾನದಲ್ಲಿ ಅವಳಿದ್ದಳು. ಒಬ್ಬಳೇ. ರೈಟ್ ಫೀಲ್ಡಿನಲ್ಲಿ ಚಪ್ಪಾಳೆ ತಟ್ಟುತ್ತಾ ಬಾತುಗಳನ್ನು ಓಡಿಸುತ್ತಿದ್ದಳು. ನನ್ನನ್ನು ಕಂಡು ನಿಂತಳು. ಓಡಿಹೋಗಲೂ ಆಗದೆ ನಾನು ಚೀಲ ಹೊತ್ತುಕೊಂಡು ಹತ್ತಿರ ಹೋದೆ. ಹೋದ ವಾರ ಹಾಗೆ ಅಂದದ್ದು ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ.

"ಅಂಕಲ್, ಸ್ವಲ್ಪ ಚೆಂಡ್ ಒಗೀತೀರೇನ್ರಿ? ಐ ಕೇಮ್ ಟೂ ಅರ್ಲಿ."

ಬೇಡ ಎನ್ನಲಾಗಲಿಲ್ಲ. ಅವಳು ಎರಡನೇ ಬೇಸಿನ ಹತ್ತಿರ, ನಾನು ಹುಲ್ಲಿನ ಅಂಚಿನಲ್ಲಿ. ನಾಲ್ಕೈದು ಸಲ ಚೆಂಡು ಆಚೆ ಈಚೆ ಓಡಾಡಿತು. ಆಮೇಲೆ ಅವಳೇ ಮಾತು ಶುರುಮಾಡಿದಳು, ಅರ್ಧ ಇಂಗ್ಲಿಷು, ಅರ್ಧ ಅಜ್ಜಿಯ ಕನ್ನಡ. ಕ್ಯಾಪ್ಟನ್ ಅಂಕಲ್ ಆಟದ ಮಧ್ಯೆ ಏನೇನೋ ಕೇಳ್ತಾರೆ, ನನಗೆ ಏನು ಹೇಳಬೇಕೋ ಗೊತ್ತಾಗಲ್ಲ ಎಂದಳು.

"ಏನ್ ಕೇಳ್ದ?"

"ನಮ್ಮ ಅಜ್ಜಿ ಬಗ್ಗೆ. ಅಜ್ಜಿ ಹೋದ ಚಳಿಗಾಲದಾಗ ತೀರ್ಕೊಂಡ್ರು. ಅವ್ರಿಗೆ ಏನಡಿಗಿ ಸೇರ್ತಿತ್ತು ಅಂತ ಕೇಳಿದ್ರು. ಇನ್ ದ ಮಿಡಲ್ ಆಫ್ ದ ಇನಿಂಗ್! ನಾ ಅತ್ಬಿಡ್ತಿದ್ದೆ, ಅಂಕಲ್."

ಚೆಂಡು ಹಿಡಿದುಕೊಂಡು ನಿಂತುಬಿಟ್ಟೆ. ಹಾಗಾದರೆ ಆ ಜಾಗವೂ, ಆ ಮಾತೂ, ಎಲ್ಲವೂ ಅವಳದಾಗಿತ್ತು. ನನ್ನ ಕೋಪಕ್ಕೆ ಇನ್ನು ನಿಲ್ಲಲು ನೆಲವೇ ಇರಲಿಲ್ಲ. ಆ ಎರಡನೇ ಬೇಸಿನ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು, ನನಗೆ ಗೊತ್ತಿದ್ದದ್ದು ಒಂದೇ ಒಂದಿತ್ತು. ಅದನ್ನು ಕೊಟ್ಟುಬಿಟ್ಟೆ.

"ಅವನು ಕೇಳ್ದಾಗ ಅವನ ಮುಖ ನೋಡ್ಬೇಡ. ಬ್ಯಾಟ್ ಕಡೆ ನೋಡ್ತಾನೇ ಉತ್ತರ ಹೇಳು. ಆಗ ಅಳು ಬರಲ್ಲ. ಅವನೂ ಅದಕ್ಕೇ ಅಲ್ಲಿ ಕೇಳೋದು."

ಅವಳು ತಲೆಯಾಡಿಸಿದಳು. ಆಮೇಲೆ ನನ್ನನ್ನು ಹಿಂದಕ್ಕೆ ಹೋಗಲು ಹೇಳಿದಳು. ಇನ್ನೂ ಹಿಂದಕ್ಕೆ, ಬೇಲಿಯ ಹತ್ತಿರಕ್ಕೆ. ಔಟ್‌ಫೀಲ್ಡಿನ ಕೊನೆಯಿಂದ ಹೋಮಿಗೆ ನೇರವಾಗಿ ಎಸೆಯಲು ನಮ್ಮಂಥವರಿಗಾಗುವುದಿಲ್ಲ. ಎರಡನೇ ಬೇಸಿನವರು ಹುಲ್ಲಿನೊಳಕ್ಕೆ ಬಂದು ನಡುದಾರಿಯಲ್ಲಿ ನಿಲ್ಲುತ್ತಾರೆ. ಅವರ ಕೈಗೆ ಎಸೆದರೆ ಅವರು ತಿರುಗಿ ಹೋಮಿಗೆ ಎಸೆಯುತ್ತಾರೆ. ಅವಳು ಬಂದು ಆ ಜಾಗದಲ್ಲಿ ನಿಂತಳು. ನಾನು ಎಸೆದೆ. ಚೆಂಡು ಅವಳ ಮುಂದೆ ಬಿದ್ದು, ಎರಡು ಪುಟ ಪುಟಿದು ಹೋಯಿತು. ಇನ್ನೊಂದು ಎಸೆದೆ, ಅದೂ ಹಾಗೆಯೇ. ಐದಾರು ಸಲ ಎಸೆದೆ. ಭುಜ ಉರಿಯತೊಡಗಿತು. ಪ್ರತಿ ಸಲವೂ ಅವಳು ಚೆಂಡು ಬಿದ್ದ ಜಾಗವನ್ನೇ ನೋಡಿದಳು. ಅಷ್ಟು ಹೊತ್ತಿಗೆ ಒಬ್ಬೊಬ್ಬರೇ ಬಂದರು. ಕ್ಯಾಪ್ಟನ್ ನನ್ನನ್ನು ನೋಡಿ, "ಮೊಣಕಾಲು ಹುಷಾರಾಯ್ತಾ?" ಎಂದ. "ಆಯ್ತು" ಎಂದೆ. ಲೈನಪ್ಪಿನ ಹಾಳೆಯಲ್ಲಿ ರೈಟ್ ಫೀಲ್ಡಿನ ಮುಂದೆ ನನ್ನ ಹೆಸರು ಮೊದಲೇ ಬರೆದಿತ್ತು. ಅಳಿಸಿ ಬರೆದ ಗುರುತು ಕಾಣಲಿಲ್ಲ.

ಆಟದಲ್ಲಿ ನನ್ನ ಕಡೆ ಚೆಂಡು ಬರಲಿಲ್ಲ. ನಾಲ್ಕು ಇನ್ನಿಂಗ್ಸು ಗಾಳಿಗೆ ಮುಖ ಕೊಟ್ಟು ನಿಂತೆ. ದೂರದಲ್ಲಿ ಕ್ಯಾಪ್ಟನ್ ಬಾಯಿಗೆ ಗ್ಲವ್ಸು ಅಡ್ಡ ಹಿಡಿದು ಏನೋ ಕೇಳಿದ. ಅವಳು ಬ್ಯಾಟಿನ ಕಡೆ ನೋಡುತ್ತಾ ಏನೋ ಹೇಳಿದಳು. ಅವನು ನಕ್ಕ.

ಐದನೆಯ ಇನ್ನಿಂಗ್ಸಿನಲ್ಲಿ ಬಂತು. ಮೊದಲನೇ ಬೇಸಿನಲ್ಲಿ ಅವರವನೊಬ್ಬನಿದ್ದ. ಚೆಂಡು ನನ್ನ ಎಡಕ್ಕೆ ಬಿದ್ದು ಬೇಲಿಯ ಮೂಲೆಗೆ ಉರುಳಿತು. ಓಡಿದೆ. ಎಲ್ಲ ಕಡೆಯಿಂದ ಕೂಗು, "ಓಡ್ತಾನೆ, ಓಡ್ತಾನೆ, ಹೋಮಿಗೆ!" ಬಗ್ಗಿ ಚೆಂಡು ಎತ್ತಿದೆ. ಬೆನ್ನಿಗೆ ಬೇಲಿ. ಅಲ್ಲಿಂದ ನನ್ನ ತೋಳಿಗೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಟಕ್ಕೆ ಮೊದಲು ತಾನೆ ನೋಡಿದ್ದೆ. ಈ ಸಲ ಮಾತ್ರ ತಿರುಗಿದವನೇ ಅವಳನ್ನು ಹುಡುಕಿದೆ.

ಅವಳು ಕೈ ಚಾಚಿ ನಿಂತಿದ್ದಳು. ಆದರೆ ನಿಲ್ಲಬೇಕಾದ ಜಾಗದಲ್ಲಿ ನಿಂತಿರಲಿಲ್ಲ. ಅದಕ್ಕಿಂತ ಹತ್ತು ಹೆಜ್ಜೆ ಮುಂದೆ, ನನ್ನ ಕಡೆಗೆ ಬಂದಿದ್ದಳು. ಆಟಕ್ಕೆ ಮೊದಲು ನನ್ನ ಚೆಂಡು ನೆಲ ಮುಟ್ಟಿದ್ದು ಸರಿಯಾಗಿ ಅಲ್ಲೇ. ಅಷ್ಟು ಮುಂದೆ ಬಂದರೆ ಹೋಮಿಗೆ ಅವಳ ಎಸೆತ ಹತ್ತು ಹೆಜ್ಜೆ ದೂರವಾಗುತ್ತದೆ, ಕಷ್ಟವಾಗುತ್ತದೆ. ಅದು ಗೊತ್ತಿದ್ದೇ ಬಂದು ನಿಂತಿದ್ದಳು. ನನ್ನ ತೋಳಿನ ಅಳತೆ ತೆಗೆದುಕೊಂಡಿದ್ದಾಳಲ್ಲ ಎಂದು ನನಗೆ ಕೋಪ ಬರಬೇಕಿತ್ತು. ಕಣ್ಣು ತುಂಬಿ ಬಂತು.

ಎಸೆದೆ. ಚೆಂಡು ನೆಲ ಮುಟ್ಟದೆ ಹೋಗಿ ಅವಳ ಕೈ ಸೇರಿತು.